ಕಣ್ಣಿಗೆ ಬಿದ್ದ ಹೂ

ಕರಿಗುಡ್ಡೆಯ ಮೇಲೆ ಬಿಳಿಯ ಕಲೆ ನಿಂತರೆ ನಮ್ಮ ಹಳ್ಳಿಗರು ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುತ್ತಾರೆ. ದುಃಖಕ್ಕೂ ಚೆಲುವಾದ ಹೆಸರಿಡುವುದು ಜನಪದದ ರೀತಿ. ಕೊಳ್ಳೇಗಾಲ, ಯಳಂದೂರುಗಳ ಗದ್ದೆಯಲ್ಲಿ ಭತ್ತದ ಗರಿ ಗೀರಿ, ಹನೂರಿನ ಕಡೆಯ ಹೊಲದಲ್ಲಿ ಮುಳ್ಳು ಚುಚ್ಚಿ, ಕಲ್ಲುಕುಟಿಗನ ಉಳಿಯಿಂದ ಕಬ್ಬಿಣದ ಚೂರು ಸಿಡಿದು, ಎಲೆಯಡಿಕೆಯ ಸುಣ್ಣ ಹಾರಿ ಈ ಹೂ ಬೀಳಬಹುದು. ಅದು ಬೀಳುವುದು ಕಣ್ಣಿನ ಮುಂದಿರುವ, ಅರ್ಧ ಮಿಲಿಮೀಟರಿನಷ್ಟು ದಪ್ಪದ ಗಾಜಿನಂತಹ ಪಟಲದ ಮೇಲೆ. ವೈದ್ಯರು ಅದನ್ನು ಕಾರ್ನಿಯಾ ಎನ್ನುವರು.

ಒಬ್ಬರ ಕಣ್ಣನ್ನು ಇನ್ನೊಬ್ಬರಿಗೆ ಇಡಬಹುದೆಂಬ ಭಾವನೆ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ನೆತ್ತರು ಸುರಿಸಿದ ಶಿವನ ಕಣ್ಣಿಗೆ ತನ್ನ ಕಣ್ಣನ್ನೇ ಕಿತ್ತಿಟ್ಟ ಬೇಡನ ಕಥೆಯನ್ನು ಹರಿಹರನು ರಗಳೆಯಾಗಿ ಹಾಡಿದ್ದಾನೆ. ಭಕ್ತಿ ಕಂಡ ಈ ಕನಸು ಶಸ್ತ್ರವೈದ್ಯಕ್ಕೆ ಕೈಗೂಡಿದ್ದು 1905ರ ಡಿಸೆಂಬರ್ 7ರಂದು, ಇಂದಿನ ಚೆಕ್ ದೇಶದ ಓಲೊಮೌತ್ಸ್ ಪಟ್ಟಣದಲ್ಲಿ. ಸುಣ್ಣದಿಂದ ಎರಡು ಕಣ್ಣುಗಳನ್ನೂ ಸುಟ್ಟುಕೊಂಡಿದ್ದ ಕೂಲಿಕಾರನೊಬ್ಬ ಎಡ್ವರ್ಡ್ ಜಿರ್ಮ್ ಎಂಬ ವೈದ್ಯನ ಬಳಿಗೆ ಬಂದಿದ್ದ. ಕಬ್ಬಿಣದ ಚೂರು ಹೊಕ್ಕು ಉಳಿಸಲಾಗದೆ ಹೋದ 11 ವರ್ಷದ ಬಾಲಕನ ಕಣ್ಣನ್ನು ತೆಗೆದು, ಅದರ ಪಟಲವನ್ನು ವೈದ್ಯ ಇವನಿಗೆ ಕಸಿ ಮಾಡಿದ. ಒಂದು ಕಣ್ಣಿನ ಕಸಿ ನಿಲ್ಲಲಿಲ್ಲ. ಇನ್ನೊಂದು ತಿಳಿಯಾಗಿ ಉಳಿಯಿತು. 1930ರ ದಶಕದಲ್ಲಿ ಒಡೆಸ್ಸಾದ ಫಿಲಾಟೊವ್, ಮೃತರ ಪಟಲವೂ ಇದಕ್ಕೆ ಒದಗುವುದೆಂದು ತೋರಿಸಿಕೊಟ್ಟ.

ಈ ಚರಿತ್ರೆಯ ಒಂದು ಎಳೆ ನಮ್ಮ ಸೀಮೆಗೂ ಸೇರಿದೆ. ಕೊಳ್ಳೇಗಾಲದ ಬಳಿಯ ಸಿಂಗಾನಲ್ಲೂರಿನ ರಂಗನಟ ಪುಟ್ಟಸ್ವಾಮಯ್ಯನವರ ಮಗ 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ಕಣ್ಣಪ್ಪನಾಗಿ ನಾಡಿಗೆ ಪರಿಚಿತರಾದರು. ಅವರೇ ಡಾ. ರಾಜಕುಮಾರ್. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರಲ್ಲಿ ಮಗ ಪುನೀತರ ಕಣ್ಣುಗಳೂ ಹಾಗೆಯೇ ಸಂದವು. ಪಟಲವನ್ನು ಪದರವಾಗಿ ಬಿಡಿಸುವ ಹೊಸ ವಿಧಾನದಿಂದ ಅವು ನಾಲ್ವರಿಗೆ ಒದಗಿದವು.

ಆದರೆ ಕಥೆಗೂ ವೈದ್ಯಕ್ಕೂ ಒಂದು ಅಂತರವಿದೆ. ಕಣ್ಣಪ್ಪ ಕೊಟ್ಟದ್ದು ಇಡಿಯ ಕಣ್ಣನ್ನು. ವೈದ್ಯರು ಕೂಡಿಸಬಲ್ಲುದು ಮುಂದಿನ ಪಟಲವನ್ನು ಮಾತ್ರ. ಚೂರು ಒಳಹೊಕ್ಕು ಹಿಂದಿನ ಅಕ್ಷಿಪಟವನ್ನೇ ಕೆಡಿಸಿದರೆ ಯಾವ ದಾನವೂ ಆ ಬೆಳಕನ್ನು ಮರಳಿಸಲಾರದು. ಆದುದರಿಂದ ಗಾಯವಾದ ಮೊದಲ ಗಳಿಗೆಯಲ್ಲಿ ಮನೆಯವರು ಮಾಡುವ ಕೆಲಸ ದಾನದಷ್ಟೇ ದೊಡ್ಡದು. ಸುಣ್ಣ ಬಿದ್ದರೆ ವೈದ್ಯರಿಗಾಗಿ ಕಾಯದೆ ಆ ಕ್ಷಣವೇ ಶುದ್ಧವಾದ ನೀರಿನಿಂದ ಅರ್ಧ ಗಂಟೆಯಾದರೂ ತೊಳೆಯಬೇಕು, ಬಳಿಕ ಆಸ್ಪತ್ರೆ. ಚೂರೋ ಮುಳ್ಳೋ ಚುಚ್ಚಿ ಹೊಕ್ಕಿದ್ದರೆ ಇದಕ್ಕೆ ವಿರುದ್ಧ: ತೊಳೆಯಬಾರದು, ಉಜ್ಜಬಾರದು, ಕೀಳಬಾರದು, ಗುಡ್ಡೆಗೆ ತಗುಲದಂತೆ ಪುಟ್ಟ ಬಟ್ಟಲೊಂದನ್ನು ಮುಚ್ಚಿ ಒಡನೆಯೇ ಕರೆದೊಯ್ಯಬೇಕು. ಗರಿ ಗೀರಿದ ಕಣ್ಣಿಗೆ ಬೂಷ್ಟು ಹತ್ತಬಹುದು. ಅದಕ್ಕೆ ಎದೆಹಾಲು, ಸೊಪ್ಪಿನ ರಸ ಹಿಂಡುವುದಾಗಲಿ, ಕೇಳದೆ ಅಂಗಡಿಯ ಹನಿಮದ್ದು ಬಿಡುವುದಾಗಲಿ ಹುಣ್ಣನ್ನು ಬೆಳೆಸೀತು.

ಇಷ್ಟಾದರೂ ಹೂ ಬಿದ್ದವರು ಉಳಿಯುತ್ತಾರೆ. ಅವರಿಗಾಗಿ ನಮ್ಮಲ್ಲಿ ಯಾರೂ ಬದುಕಿರುವಾಗ ಕಣ್ಣು ಕೀಳಬೇಕಾಗಿಲ್ಲ. ಆರು ಗಂಟೆಯೊಳಗೆ ಕಣ್ಣನ್ನು ತೆಗೆಯಲಾಗುವಂತೆ ಸಾವಿನ ಮನೆಯಲ್ಲಿ ಯಾರಾದರೊಬ್ಬರು ಒಡನೆಯೇ ನೇತ್ರಭಂಡಾರಕ್ಕೆ ಸುದ್ದಿ ಮುಟ್ಟಿಸಿದರೆ ಸಾಕು.