ಗೆಡ್ಡೆ ಕುಗ್ಗದಿದ್ದರೆ ಯಕೃತ್ತಿನ ಕ್ಯಾನ್ಸರ್ ಚಿಕಿತ್ಸೆ ವಿಫಲವಾಯಿತೇ?

ಚಿಕಿತ್ಸೆಯ ನಂತರದ ಸ್ಕ್ಯಾನ್‌ನಲ್ಲಿ ಗೆಡ್ಡೆ ಮೊದಲಿನಷ್ಟೇ ದೊಡ್ಡದಿದ್ದರೆ ನಾವು ಹೆದರುತ್ತೇವೆ. ಆದರೆ ಯಕೃತ್ತಿನ ಕ್ಯಾನ್ಸರ್‌ನಲ್ಲಿ ಗಾತ್ರವೊಂದೇ ಎಲ್ಲವನ್ನೂ ಹೇಳುವುದಿಲ್ಲ.

ಯಕೃತ್ತಿಗೆ ಸುಮಾರು ಶೇ. 75ರಷ್ಟು ರಕ್ತ ಬರುವುದು ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳದ ಮೂಲಕ. ಆದರೆ ಯಕೃತ್ತಿನ ಜೀವಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್ ಗೆಡ್ಡೆ ಹೆಚ್ಚಾಗಿ ಹೆಪಾಟಿಕ್ ಅಪಧಮನಿಯ ರಕ್ತವನ್ನು ನೆಚ್ಚಿಕೊಂಡಿರುತ್ತದೆ. ಹಾಗಾಗಿ ‘ಟೇಸ್’ ಎಂಬ ಚಿಕಿತ್ಸೆಯಲ್ಲಿ ಅದೇ ಅಪಧಮನಿಯ ಕವಲಿನ ಮೂಲಕ ಕೀಮೋ ಔಷಧ ಕೊಟ್ಟು, ಬಳಿಕ ಆ ದಾರಿಯನ್ನು ಮುಚ್ಚುತ್ತಾರೆ. ಒಳಗಿನ ಜೀವಕೋಶಗಳು ಸತ್ತರೂ ಗೆಡ್ಡೆಯ ಗಾತ್ರ ಹಾಗೆಯೇ ಉಳಿಯಬಹುದು.

ಇದನ್ನು ತಿಳಿಯಲು ಕಾಂಟ್ರಾಸ್ಟ್ ದ್ರವ ಕೊಟ್ಟು ಸಿಟಿ ಅಥವಾ ಎಂಆರ್‌ಐ ಮಾಡುತ್ತಾರೆ. ದ್ರವ ಅಪಧಮನಿಗಳಲ್ಲಿ ಹರಿಯುವ ಹಂತದಲ್ಲಿ ಗೆಡ್ಡೆಯ ಜೀವಂತ ಭಾಗ ಹೊಳೆಯುತ್ತದೆ, ಸತ್ತ ಭಾಗ ಹೊಳೆಯುವುದಿಲ್ಲ. 2010ರಲ್ಲಿ ಪ್ರಕಟವಾದ ‘ಎಂರೆಸಿಸ್ಟ್’ ಮಾನದಂಡ ಅಳೆಯುವುದು ಈ ಹೊಳೆಯುವ ಭಾಗದ ವ್ಯಾಸವನ್ನೇ. ಅದು ಶೇ. 30 ಅಥವಾ ಹೆಚ್ಚು ಕಡಿಮೆಯಾದರೆ ಭಾಗಶಃ ಪ್ರತಿಕ್ರಿಯೆ, ಪೂರ್ತಿ ಮಾಯವಾದರೆ ಸಂಪೂರ್ಣ ಪ್ರತಿಕ್ರಿಯೆ. ಇಂಥ ಪ್ರತಿಕ್ರಿಯೆ ಕಂಡುಬಂದ ರೋಗಿಗಳು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆಂದು ಅಧ್ಯಯನಗಳು ತೋರಿಸಿವೆ.

ಹಾಗೆಂದು ಸ್ಕ್ಯಾನ್ ಭವಿಷ್ಯವಾಣಿಯಲ್ಲ. ಉಳಿದ ಯಕೃತ್ತು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದೂ ಮುಖ್ಯ. ವರದಿ ಕೈಗೆ ಬಂದಾಗ ಗೆಡ್ಡೆ ಎಷ್ಟು ದೊಡ್ಡದಿದೆ ಎಂಬುದರ ಜೊತೆಗೆ, ಅದರಲ್ಲಿ ಜೀವಂತ ಭಾಗ ಎಷ್ಟಿದೆ ಎಂದೂ ವೈದ್ಯರನ್ನು ಕೇಳೋಣ.