ಮೀಟರ್ ರೂಮ್ ಎಷ್ಟು ಎತ್ತರದಲ್ಲಿದೆ? ವಡಾಲದ ಮನೆಗಳೂ ಮುನ್ನೆಚ್ಚರಿಕೆಯ ಕಥೆಯೂ

ಮಾಟುಂಗಾ, ವಡಾಲ ಕಡೆಯ ಅಗಲ ರಸ್ತೆಗಳನ್ನೂ ಫೈವ್ ಗಾರ್ಡನ್ಸ್‌ನ ನೆರಳನ್ನೂ ಮೆಚ್ಚುವವರಲ್ಲಿ ಎಷ್ಟೋ ಮಂದಿಗೆ ಅವುಗಳ ಹುಟ್ಟಿನ ಹಿಂದೆ ಪ್ಲೇಗ್ ಇದೆ ಎಂಬುದು ತಿಳಿದಿರುವುದಿಲ್ಲ. 1896ರಲ್ಲಿ ಮಾಂಡವಿಯ ಓಣಿಗಳಲ್ಲಿ ಆ ರೋಗ ಕಾಣಿಸಿಕೊಂಡಾಗ ಸರಕಾರಕ್ಕೆ ಗೊತ್ತಿದ್ದ ಮದ್ದು ಮನೆಯನ್ನೇ ದಂಡಿಸುವುದು. ಹಂಚು ಕಿತ್ತು ಬಿಸಿಲು ಬಿಟ್ಟರು, ಗೋಡೆಗೆ ಸುಣ್ಣ ಬಳಿದರು, ವಾಸಕ್ಕೆ ಅಯೋಗ್ಯವೆಂದು ಮೂರಕ್ಷರದ ಗುರುತು ಹಾಕಿದರು. 1898ರಲ್ಲಿ ಹುಟ್ಟಿದ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಇನ್ನೊಂದು ದಾರಿ ಹಿಡಿಯಿತು. ಊರಿನ ಉತ್ತರದ ತಗ್ಗು ನೆಲದಲ್ಲಿ ದಾದರ್-ಮಾಟುಂಗಾ-ವಡಾಲ-ಸಯನ್ ಬಡಾವಣೆಗಳನ್ನು ಯೋಜಿಸಿ, ಮನೆಯಿಂದ ಮನೆಗೆ ಗಾಳಿ ಬೆಳಕು ಆಡುವಷ್ಟು ಜಾಗ ಬಿಟ್ಟಿತು. ಮನೆಯ ಸುರಕ್ಷತೆ ಮನೆಯೊಡೆಯನೊಬ್ಬನ ಕೈಯಲ್ಲಿಲ್ಲ, ಅದು ಇಡೀ ಬೀದಿಯ ವಿಷಯ ಎಂಬ ತಿಳಿವಳಿಕೆ ಮುಂಬಯಿಗೆ ಬಂದದ್ದು ಹೀಗೆ. ಆದರೆ ಟ್ರಸ್ಟಿನ ಲೆಕ್ಕದಲ್ಲಿದ್ದದ್ದು ಗಾಳಿ. ನೀರಿನ ಲೆಕ್ಕ ಬಾಕಿ ಉಳಿಯಿತು.

ಮುಂದಿನ ಪಾಠ ಬಂದರಿನಿಂದ ಬಂತು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿಯನ್ನೂ ಸಿಡಿಮದ್ದನ್ನೂ ಒಟ್ಟಿಗೆ ಹೊತ್ತು ನಿಂತಿದ್ದ ಫೋರ್ಟ್ ಸ್ಟಿಕಿನ್ ಹಡಗು ಸ್ಫೋಟಿಸಿತು. ಬೆಂಕಿ ನಂದಿಸಲು ಹೋದ ಸಿಬ್ಬಂದಿಯಲ್ಲಿ ಹಲವರು ಮರಳಲಿಲ್ಲ. ದೇಶವಿಡೀ ಅಗ್ನಿಶಾಮಕ ಸೇವಾ ದಿನ ಆಚರಿಸುವುದು ಆ ತಾರೀಖಿಗೇ. ಬೆಂಕಿಯ ಹೊಣೆ ಪ್ರತಿ ಕಟ್ಟಡದ ಹೆಗಲಿಗೆ ಬರಲು ಮಾತ್ರ ಇನ್ನೂ ಆರು ದಶಕ ಬೇಕಾಯಿತು. 2006ರ ಮಹಾರಾಷ್ಟ್ರ ಅಗ್ನಿ ಸುರಕ್ಷಾ ಕಾಯಿದೆಯ ಪ್ರಕಾರ ಸೊಸೈಟಿಗಳು ವರ್ಷಕ್ಕೆರಡು ಬಾರಿ, ಜನವರಿಯಲ್ಲೂ ಜುಲೈಯಲ್ಲೂ, ಬೆಂಕಿ ನಂದಿಸುವ ವ್ಯವಸ್ಥೆ ಸರಿಯಿದೆಯೆಂದು ಪ್ರಮಾಣಪತ್ರ ಕೊಡಬೇಕು. ಕೆಂಪು ಪೈಪಿಗೆ ಬೈಸಿಕಲ್ ಕಟ್ಟಿ ಬೀಗ ಹಾಕುವ ಊರಿನಲ್ಲಿ ಈ ಕಾಗದದ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ಕಟ್ಟಡಗಳ ಕಥೆಯನ್ನು ಚುಟುಕಾಗಿ ಹೇಳಬಹುದು. ದುರಸ್ತಿಗೆಂದು 1969ರ ಕಾಯಿದೆಯಿಂದ ಒಂದು ಮಂಡಳಿ ಬಂತು; ಅದು 1977ರಲ್ಲಿ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದೊಳಗೆ ಸೇರಿತು. ಮಳೆಗಾಲಕ್ಕೆ ಮುಂಚೆ ಅಪಾಯಕಾರಿ ಕಟ್ಟಡಗಳ ಪಟ್ಟಿ ಪತ್ರಿಕೆಗಳಲ್ಲಿ ಬರುತ್ತದೆ. 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಅತಿ ಅಪಾಯಕಾರಿ ಎಂಬ ಸಿ-1 ವರ್ಗಕ್ಕೆ ಬಿದ್ದರೆ ಖಾಲಿ ಮಾಡಬೇಕು, ಖಾಲಿ ಮಾಡಿದರೆ ಖೋಲಿಯ ಹಕ್ಕು ಹೋದೀತೆಂಬ ಭಯ. ಗೋಡೆ ಬಿರುಕು ಬಿಟ್ಟ ಮೇಲೂ ಜನ ಅಲ್ಲೇ ಇರುವುದಕ್ಕೆ ಅಜ್ಞಾನ ಕಾರಣವಲ್ಲ, ಈ ಭಯ ಕಾರಣ.

ಕರಾವಳಿಯಿಂದ ಇಲ್ಲಿಗೆ ಬಂದ ನಮ್ಮವರಿಗೆ ಮಳೆ ಹೊಸದೇನಲ್ಲ. ಊರಲ್ಲಿ ಮೇ ತಿಂಗಳು ಮುಗಿಯುವುದರೊಳಗೆ ಹಂಚು ಕೈಯಾಡಿಸಿ, ಜಗಲಿಗೆ ಮಡಲಿನ ತಟ್ಟಿ ಕಟ್ಟಿ, ಸೌದೆ ಒಳಗಿಟ್ಟು, ಹಪ್ಪಳ, ಒಣಮೀನು ಡಬ್ಬಿಗೆ ತುಂಬಿದರೆ ಮನೆ ಸಿದ್ಧವಾದಂತೆ. ವಡಾಲದ ಚಾಳಿನಲ್ಲಿ ಇದರ ಬದಲು ಮಾಡಿಗೆ ನೀಲಿ ತಾಡಪತ್ರಿ ಬಂತು, ಸಾಮಾನು ಪೋಟಮಾಳಾ ಎಂಬ ಅಟ್ಟಕ್ಕೆ ಏರಿತು. ಆದರೆ ಊರಿನ ಜಾಣ್ಮೆ ಒಂಟಿ ಮನೆಯದು. ಇಲ್ಲಿ ಮೀಟರ್ ಹತ್ತು ಮನೆಗಳದು ಒಂದೇ ಕಡೆ, ನೀರಿನ ಟಾಂಕಿ ಒಂದೇ, ಕಾಂಪೌಂಡ್ ಗೋಡೆ ಪಕ್ಕದ ಬಿಲ್ಡಿಂಗಿಗೂ ಸೇರಿದ್ದು. ಟಾರ್ಚ್, ಬಿಸ್ಕತ್ತು, ನೀರಿನ ಬಾಟಲಿ ಇರುವ ತುರ್ತು ಚೀಲದ ಸಲಹೆ ಈಗ ಎಲ್ಲ ಕರಪತ್ರಗಳಲ್ಲೂ ಇದೆ. ಇರಲಿ, ಒಳ್ಳೆಯದೇ. ಆದರೆ ಆ ಚೀಲ ಮೀಟರ್ ರೂಮಿಗೆ ನುಗ್ಗುವ ನೀರನ್ನು ತಡೆಯುವುದಿಲ್ಲ.

1993 ಒಂದು ವಿಚಿತ್ರ ವರ್ಷ. ಸೆಪ್ಟೆಂಬರ್ 30ರಂದು ಕಿಲ್ಲಾರಿಯಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತ ಮೇಲೆ ಮಹಾರಾಷ್ಟ್ರ ಸರಕಾರ ವಿಪತ್ತು ನಿರ್ವಹಣೆಯನ್ನು ಗಂಭೀರವಾಗಿ ಎತ್ತಿಕೊಂಡಿತು. ಮುಂಬಯಿಯ ಮಳೆನೀರು ಚರಂಡಿಗಳ ಬಗೆಗಿನ ಬ್ರಿಮ್‌ಸ್ಟೋವಾಡ್ ವರದಿ ಬಂದದ್ದೂ ಅದೇ ವರ್ಷ. ಗಂಟೆಗೆ 25 ಮಿ.ಮೀ. ಮಳೆಗೆ ಕಟ್ಟಿದ ಹಳೆಯ ಚರಂಡಿಗಳನ್ನು 50 ಮಿ.ಮೀ. ತಾಳುವಂತೆ ಹಿಗ್ಗಿಸಬೇಕು, ಸಮುದ್ರದ ಬಾಯಿಯಲ್ಲಿ ಪಂಪಿಂಗ್ ಸ್ಟೇಷನ್‌ಗಳು ಬೇಕು ಎಂದು ಅದು ಹೇಳಿತ್ತು. ಹನ್ನೆರಡು ವರ್ಷ ವರದಿಗೆ ವೇಗ ಬರಲಿಲ್ಲ.

ಆಮೇಲೆ ಛಬ್ಬೀಸ್ ಜುಲೈ. 2005ರ ಆ ದಿನ ಸಾಂತಾಕ್ರೂಜ್ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಕಂಡಿತು, ಕೊಲಾಬಾದಲ್ಲಿ ಸುರಿದದ್ದು ಅದರ ಹತ್ತರಲ್ಲೊಂದಕ್ಕಿಂತ ಕಡಿಮೆ. ವಡಾಲ ಇವೆರಡರ ನಡುವಿನ ಊರು. ಅದರ ಒಂದು ಮಗ್ಗುಲಲ್ಲಿ ಕಿಂಗ್ಸ್ ಸರ್ಕಲ್, ಹಿಂದ್‌ಮಾತಾಗಳ ತಗ್ಗು. ಇನ್ನೊಂದು ಮಗ್ಗುಲಲ್ಲಿ ಉಪ್ಪಿನಗದ್ದೆ ಮತ್ತು ಖಾಡಿ. ಭರತದ ಹೊತ್ತಿಗೆ ಸಮುದ್ರದ ಮಟ್ಟ ಚರಂಡಿಯ ಬಾಯಿಗಿಂತ ಮೇಲೇರುತ್ತದೆ. ಆಗ ಬಿದ್ದ ಮಳೆಗೆ ಹೋಗಲು ದಾರಿಯಿಲ್ಲ. ಅಂದು ಕರೆಂಟ್ ಹೊಡೆದು, ಗೋಡೆ ಕುಸಿದು, ಬಾಗಿಲು ತೆರೆಯಲಾಗದ ಕಾರುಗಳಲ್ಲಿ ಉಸಿರುಗಟ್ಟಿ ಜನ ಸತ್ತರು. ಜುಹೂವಿನ ನೆಹರೂ ನಗರದಲ್ಲಿ ಕೊಂದದ್ದು ಬರಿಯ ಗಾಳಿಸುದ್ದಿ: ಸುನಾಮಿ ಬರುತ್ತಿದೆಯೆಂದು ಯಾರೋ ಕೂಗಿದರು, ಕಾಲ್ತುಳಿತವಾಯಿತು.

ಆ ವರ್ಷದ ಕೊನೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಕಾಯಿದೆ ಬಂತು. ಪಾಲಿಕೆಯ 1916 ಸಹಾಯವಾಣಿ ಮನೆಮಾತಾಯಿತು, ನಾಲ್ಕೂವರೆ ಮೀಟರ್ ದಾಟುವ ಭರತದ ದಿನಗಳ ಪಟ್ಟಿಯನ್ನು ಮಳೆಗಾಲಕ್ಕೆ ಮುಂಚೆ ಪ್ರಕಟಿಸುವುದು ರೂಢಿಯಾಯಿತು. 2020ರಲ್ಲಿ ಐಫ್ಲೋಸ್ ಎಂಬ ನೆರೆ ಮುನ್ಸೂಚನಾ ವ್ಯವಸ್ಥೆ ಶುರುವಾಯಿತು. 2017ರ ಆಗಸ್ಟ್ 29ರ ಮಳೆಯಲ್ಲಿ ವೈದ್ಯ ಡಾ. ದೀಪಕ್ ಅಮರಾಪುರ್ಕರ್ ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ಮ್ಯಾನ್‌ಹೋಲ್ ಮುಚ್ಚಳದ ಕೆಳಗೆ ಕಬ್ಬಿಣದ ಜಾಳಿಗೆ ಬೇಕೆಂಬ ಒತ್ತಾಯ ಬಲವಾದದ್ದು ಆಮೇಲೆ.

ಇಷ್ಟೆಲ್ಲ ನೀರು ಬರುವ ಮುಂಚಿನ ಮಾತು. ನೀರು ಇಳಿದ ಮೇಲಿನ ವಾರದ ಬಗ್ಗೆ ಈ ಶತಮಾನದ ಯೋಜನೆಗಳೂ ಸಾಕಷ್ಟು ತಲೆ ಕೆಡಿಸಿಕೊಂಡಿಲ್ಲ ಎಂದೇ ನನಗನ್ನಿಸುತ್ತದೆ. 2005ರ ಆಗಸ್ಟಿನಲ್ಲಿ ಆಸ್ಪತ್ರೆಗಳನ್ನು ತುಂಬಿದ್ದು ಇಲಿಜ್ವರ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಸಣ್ಣ ಗಾಯದಿಂದಲೂ ಒಳಹೋಗುತ್ತದೆ. ನೆರೆನೀರಿನಲ್ಲಿ ನಡೆದವರು 72 ಗಂಟೆಯೊಳಗೆ ಡಾಕ್ಟರರನ್ನು ಕಂಡು, ಬೇಕಾದರೆ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಬೇಕೆಂದು ಪಾಲಿಕೆ ಈಗ ಮಳೆಗಾಲದಲ್ಲಿ ಹೇಳುತ್ತದೆ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಮದ್ದು ಬೇರೆ, ಆದ್ದರಿಂದ ಪಕ್ಕದ ಮನೆಯವರ ಮಾತ್ರೆ ಹಂಚಿಕೊಳ್ಳುವ ವಿಷಯವಲ್ಲ ಇದು.

ಇದಕ್ಕಿಂತ ಕಣ್ಣಿಗೆ ಬೀಳದ ಅಪಾಯ ನೆಲದಡಿಯ ಟಾಂಕಿಯಲ್ಲಿದೆ. ಪಾಲಿಕೆಯ ನೀರು ಮೊದಲು ಅಲ್ಲಿಗೆ ಬಂದು, ಪಂಪಿನಿಂದ ಗಚ್ಚಿಗೆ ಏರುತ್ತದೆ. ಮುಚ್ಚಳದ ಸಂದಿನಿಂದ ಗಟಾರದ ನೀರು ಒಳಗಿಳಿದಿದ್ದರೆ, ವಾಚ್‌ಮನ್ ಬೆಳಿಗ್ಗೆ ಅಭ್ಯಾಸಬಲದಿಂದ ಪಂಪ್ ಒತ್ತಿದೊಡನೆ ಆ ಕೊಳೆ ಕಾಲೂ ಒದ್ದೆಯಾಗದ ಹನ್ನೆರಡನೆಯ ಮಾಳಿಗೆಯ ನಲ್ಲಿಗೆ ತಲುಪುತ್ತದೆ. ಪಂಪ್ ಮುಟ್ಟುವ ಮೊದಲು ಟಾಂಕಿ ಪೂರ್ತಿ ಖಾಲಿ ಮಾಡಿ, ಉಜ್ಜಿ, ಬ್ಲೀಚಿಂಗ್ ಪೌಡರಿನಿಂದ ಶುದ್ಧಗೊಳಿಸಬೇಕು; ಅಲ್ಲಿಯವರೆಗೆ ಕುದಿಸಿದ ನೀರೇ ಗತಿ. ಮುಚ್ಚಳದ ಸುತ್ತ ಎರಡಡಿ ಕಟ್ಟೆ ಎತ್ತುವುದು ಗಾರೆಯವನಿಗೆ ದೊಡ್ಡ ಕೆಲಸವೇನಲ್ಲ. ಕರೆಂಟಿನದೂ ಇದೇ ಕಥೆ. ನೆನೆದ ಫ್ರಿಜ್ಜನ್ನು ಹೊರಗೆ ಒರೆಸಿ ಸ್ವಿಚ್ ಹಾಕಿದರೆ ಒಳಗಿನ ತೇವ ಕೇಳುವುದಿಲ್ಲ. ಮೇನ್ ಸ್ವಿಚ್ ತೆಗೆದೇ ಇಟ್ಟು, ವೈರ್‌ಮನ್ ಪರೀಕ್ಷಿಸಿದ ಮೇಲಷ್ಟೇ ಹಾಕಬೇಕು. ಮೀಟರ್‌ಗಳನ್ನು ಮೇಲಕ್ಕೆ ಸಾಗಿಸಬೇಕಾದರೆ ಇಲ್ಲಿ ವಿದ್ಯುತ್ ಪೂರೈಸುವ ಬೆಸ್ಟ್‌ಗೆ ಅರ್ಜಿ ಕೊಡಬೇಕಾದದ್ದು ಬಿಸಿಲುಗಾಲದಲ್ಲೇ.

ನೀರೊಂದೇ ವೈರಿಯಲ್ಲ. 2018ರ ಜೂನ್ 25ರಂದು ಅಂಟಾಪ್ ಹಿಲ್‌ನ ಲಾಯ್ಡ್ಸ್ ಎಸ್ಟೇಟ್ ಬಳಿ ಪಕ್ಕದ ಕಾಮಗಾರಿಯ ಹೊಂಡಕ್ಕೆ ನೆಲವೂ ಗೋಡೆಯೂ ಕುಸಿದು ಸಾಲುಗಟ್ಟಿ ನಿಂತಿದ್ದ ಕಾರುಗಳು ಜಾರಿದವು, ಜನರನ್ನು ಮನೆಯಿಂದ ಹೊರಗೆ ಕಳಿಸಬೇಕಾಯಿತು. 2024ರ ಮೇ 13ರ ಧೂಳುಗಾಳಿಗೆ ವಡಾಲದಲ್ಲಿ ಕಟ್ಟುತ್ತಿದ್ದ ಕಬ್ಬಿಣದ ಪಾರ್ಕಿಂಗ್ ಟವರ್ ರಸ್ತೆಗೆ ಉರುಳಿತು. ಅದೇ ಸಂಜೆ ಘಾಟ್ಕೋಪರಿನ ಹೋರ್ಡಿಂಗ್ 17 ಜೀವ ತೆಗೆಯಿತು. ಇಂಥ ಹೊತ್ತಿನಲ್ಲಿ ಬೇಕಾಗುವುದು ಕಾಗದಪತ್ರ. ಡಿಜಿಲಾಕರ್ ಬಂದ ಮೇಲೆ ಟ್ರಂಕಿನಲ್ಲಿ ನೆನೆಯುವ ಭಯ ಅರ್ಧ ಇಳಿದಿದೆ. 2021ರ ಏಪ್ರಿಲ್ 1ರಿಂದ ಜಾರಿಯಾದ ಭಾರತ್ ಗೃಹ ರಕ್ಷಾ ವಿಮೆ ನೆರೆ, ಭೂಕಂಪ, ಬೆಂಕಿಗಳಿಂದಾಗುವ ಹಾನಿ ತುಂಬುತ್ತದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿಯವರೆಗೆ, ಮನೆಯ ಸಾಮಾನಿಗೂ ರಕ್ಷಣೆ ಇರುತ್ತದೆ. ಆದರೆ ಕೆಸರು ತೊಳೆಯುವ ಮೊದಲೇ ಫೋಟೋ ತೆಗೆಯಬೇಕು. ಸರಕಾರಿ ಪರಿಹಾರಕ್ಕೂ ಪಂಚನಾಮೆ ಆಗದೆ ನಡೆಯುವುದಿಲ್ಲ. ನಮ್ಮ ಹೆಂಗಸರು ಮೊದಲು ಹಿಡಿಯುವುದು ಕಸಬರಿಕೆ. ವಿಮೆಯವರು ಕೇಳುವುದು ಕೊಳೆಯ ಸಾಕ್ಷಿ.

ಬ್ರಿಮ್‌ಸ್ಟೋವಾಡ್ ಸೂಚಿಸಿದ ಎಂಟು ಪಂಪಿಂಗ್ ಸ್ಟೇಷನ್‌ಗಳಲ್ಲಿ ಆರು ನಡೆಯುತ್ತಿವೆ. ಕಿಂಗ್ಸ್ ಸರ್ಕಲ್, ಸಯನ್, ವಡಾಲದ ನೀರಿಗೆ ಆಸರೆಯಾಗಬೇಕಾದ ಮಾಹುಲಿನದು ಉಪ್ಪಿನಗದ್ದೆಯ ಜಾಗದ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿತ್ತು. ಅಷ್ಟರಲ್ಲಿ ಸೊಸೈಟಿಗಳ ಜನರಲ್ ಬಾಡಿಯಲ್ಲಿ ಬೇರೆಯೇ ಜಗಳ: ಮೀಟರ್ ರೂಮ್ ಎತ್ತರಿಸುವ ಖರ್ಚನ್ನು ನೆಲಮಹಡಿಯವರು ಮಾತ್ರ ಕೊಡಬೇಕೋ, ಎಲ್ಲರೂ ಕೊಡಬೇಕೋ. ನನ್ನ ಲೆಕ್ಕದಲ್ಲಿ ಎಲ್ಲರೂ ಕೊಡಬೇಕು. ಲಿಫ್ಟಿಗೂ ಪಂಪಿಗೂ ಕರೆಂಟ್ ಬರುವುದು ಅದೇ ರೂಮಿನಿಂದ.