ಸೀಕರಣೆಯ ಹಳೆಯ ಹೆಸರು

ಮಾವಿನ ಕಾಲ ಬಂದಾಗಲೆಲ್ಲ ನಮ್ಮ ಅಜ್ಜಿಗಾದ ಒಂದು ಅನ್ಯಾಯ ನನಗೆ ನೆನಪಾಗುತ್ತದೆ. ಐವತ್ತು ವರ್ಷಕ್ಕೂ ಹಿಂದಿನ ಮಾತು. ಬೇಸಗೆಯ ರಜಕ್ಕೆ ಬಂದಿದ್ದ ಸೋದರಮಾವ ಶಾಲೆಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದವರು. ಹೋಳಿಗೆಯ ಮೇಲೆ ಸೀಕರಣೆ ಬಡಿಸಿಕೊಂಡು, “ಅಮ್ಮಾ, ಇದನ್ನು ಸೀಕರಣೆ ಅನ್ನುವುದೇ ತಪ್ಪು. ಶಿಖರಿಣಿ ಎಂದರೆ ಮೊಸರಿನದು. ಇದು ಬರೀ ಹಣ್ಣಿನ ರಸ” ಎಂದುಬಿಟ್ಟರು. ಅಜ್ಜಿ ಮಾತಾಡಲಿಲ್ಲ. ಆ ಬೇಸಗೆಯಲ್ಲಿ ನಮ್ಮ ಮನೆಯಲ್ಲಿ ಮತ್ತೆ ಸೀಕರಣೆಯಾಗಲಿಲ್ಲ.

ಮಾವ ಹೇಳಿದ್ದು ಸುಳ್ಳಲ್ಲ. ನಮ್ಮ ನಾಡನ್ನೇ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಶಿಖರಿಣಿ ಮೊಸರು-ಸಕ್ಕರೆಗಳ ಭಕ್ಷ್ಯವೇ. ಆ ಹೆಸರೇ ಸವೆದು ನಮ್ಮಲ್ಲಿ ಸೀಕರಣೆಯಾಯಿತು, ಮರಾಠಿಯಲ್ಲಿ ಶಿಕರಣವಾಯಿತು. ಮರಾಠಿಗರ ಶಿಕರಣದಲ್ಲೂ ಇಂದು ಮೊಸರಿಲ್ಲ; ಅದು ಹಾಲಿನಲ್ಲಿ ಕಿವುಚಿದ ಬಾಳೆಹಣ್ಣು.

ಹಾಗಾದರೆ ಮೊಸರಿನ ಹೆಸರು ಹಣ್ಣಿಗೆ ಹೇಗೆ ಅಂಟಿಕೊಂಡಿತು? ಮಾವ ತಮ್ಮ ಅಮರಕೋಶವನ್ನೇ ಇನ್ನೊಮ್ಮೆ ತಿರುವಿಹಾಕಬಹುದಾಗಿತ್ತು. ಅಲ್ಲಿ ‘ರಸಾಲ’ವೆಂದರೆ ಮಾವು. ಅದನ್ನೇ ದೀರ್ಘವೆಳೆದು ‘ರಸಾಲಾ’ ಎಂದರೆ ಮೊಸರಿನ ಸಿಹಿ, ಅಂದರೆ ಶಿಖರಿಣಿಯೇ. ಒಂದು ಮಾತ್ರೆಯ ಅಂತರ! ಈ ಸಿಹಿಗೆ ಅಮರಸಿಂಹ ಕೊಡುವ ಇನ್ನೊಂದು ಹೆಸರು ‘ಮಾರ್ಜಿತಾ’, ಉಜ್ಜಿ ಶುದ್ಧಮಾಡಿದ್ದು ಎಂದು.

ಆ ಉಜ್ಜುವಿಕೆ ಎಂಥದು ಎಂಬುದನ್ನು ಹದಿನಾರನೆಯ ಶತಮಾನದ ವೈದ್ಯ ಭಾವಮಿಶ್ರನ ‘ಭಾವಪ್ರಕಾಶ’ ವಿವರಿಸುತ್ತದೆ. ನೀರು ಬಸಿದ ಹುಳಿ ಎಮ್ಮೆಮೊಸರು. ಅದರ ಅರ್ಧದಷ್ಟು ಬಿಳಿಯ ಸಕ್ಕರೆ. ಎರಡನ್ನೂ ಮಡಿಬಟ್ಟೆಯ ಮೇಲೆ ಸ್ವಲ್ಪಸ್ವಲ್ಪವಾಗಿ ಹಾಕಿ, ಹಾಲು ಹೊಯ್ಯುತ್ತ, ಹೊಸ ಮಣ್ಣಿನ ಪಾತ್ರೆಗೆ ಬಲವಾಗಿ ಸೋಸಬೇಕು. ಆಮೇಲೆ ಏಲಕ್ಕಿ, ಲವಂಗ, ಪಚ್ಚಕರ್ಪೂರ, ಮೆಣಸು. ಊಟಪ್ರಿಯನಾದ ಭೀಮ ಇದನ್ನು ಮಾಡಿದನಂತೆ. ಕೃಷ್ಣ ಮತ್ತೆ ಮತ್ತೆ ಸವಿದನಂತೆ. (ನಮ್ಮ ಮಾವನೂ ಅಂದು ಟೀಕೆ ಮುಗಿಸಿ ಎರಡನೆಯ ಸಲ ಬಡಿಸಿಕೊಂಡರೆಂಬುದು ನನಗೆ ಚೆನ್ನಾಗಿ ನೆನಪಿದೆ.)

ಇದನ್ನು ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಭೀಮನಲ್ಲ, ಅಜ್ಜಿ. ರಸಪೂರಿ ಹಣ್ಣುಗಳನ್ನು ಬೆಳಿಗ್ಗೆಯೇ ನೀರಿನಲ್ಲಿ ನೆನೆಹಾಕುವಳು. ಒಂದೊಂದನ್ನೂ ಅಂಗೈಯಲ್ಲಿ ಮೆತ್ತಗೆ ಹಿಸುಕಿ, ತೊಟ್ಟು ಕಿತ್ತು, ಸೊನೆಯಿರುವ ಮೊದಲ ಹನಿಗಳನ್ನು ಚೆಲ್ಲಿ, ಉಳಿದುದನ್ನು ಹಿಂಡುವಳು. ಸಿಪ್ಪೆ, ಓಟೆಗಳಿಗೆ ಅಂಟಿದ್ದನ್ನು ಹಾಲಿನಲ್ಲಿ ತೊಳೆದು ಅದೇ ಪಾತ್ರೆಗೆ ಸೇರಿಸುವಳು. ಬಳಿಕ ಹಳೆಯ ಮಲ್ಲುಪಂಚೆಯ ತುಂಡಿನಲ್ಲಿ ಎಲ್ಲವನ್ನೂ ಬೆರಳಿನಿಂದ ಉಜ್ಜುಜ್ಜಿ ಸೋಸುವಳು. ನಾರು ಬಟ್ಟೆಯಲ್ಲಿ ಉಳಿಯಬೇಕು, ತಿರುಳು ಇಳಿಯಬೇಕು. ಕಡೆಗೆ ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು. ಮೊಸರೊಂದನ್ನು ಬಿಟ್ಟರೆ ಬಟ್ಟೆ, ಹಾಲು, ಸಿಹಿ, ಏಲಕ್ಕಿ ಎಲ್ಲವೂ ಭಾವಮಿಶ್ರ ಹೇಳಿದ್ದೇ. ಹೆಸರು ಬಂದದ್ದು ಪದಾರ್ಥದಿಂದಲ್ಲ, ಮಾಡುವ ಕ್ರಮದಿಂದ ಎಂದು ನಾನು ನಂಬಿದ್ದೇನೆ. ಪಂಡಿತರು ಒಪ್ಪದಿದ್ದರೆ ವಾದಕ್ಕೆ ಸಿದ್ಧನಿದ್ದೇನೆ. ಅಜ್ಜಿಯ ಪರವಾಗಿ ವಾದಿಸುವವರು ಅಂದು ಯಾರೂ ಇರಲಿಲ್ಲ.

ಕರಾವಳಿಯವರು ಈ ಜಗಳಕ್ಕೇ ಸಿಕ್ಕಿಲ್ಲ. ಹಣ್ಣಿಗೆ ತೆಂಗಿನ ಹಾಲು, ಬೆಲ್ಲ ಬೆರೆಸಿ ‘ರಸಾಯನ’ವೆನ್ನುತ್ತಾರೆ, ಒತ್ತುಶ್ಯಾವಿಗೆಯೊಡನೆ ಉಣ್ಣುತ್ತಾರೆ. ಹೆಸರೂ ಸರಿ, ರುಚಿಯೂ ಸರಿ.

ನಮ್ಮ ಮನೆಗೆ ಮಿಕ್ಸಿ ಬಂದಮೇಲೆ ಮಲ್ಲುಪಂಚೆ ಮೂಲೆ ಸೇರಿತು. ಯಂತ್ರವನ್ನು ನಾನು ಹಳಿಯುವವನಲ್ಲ. ಆದರೆ ಅದು ನಾರನ್ನು ತೆಗೆಯುವುದಿಲ್ಲ, ಕತ್ತರಿಸಿ ರಸದಲ್ಲೇ ಬಿಡುತ್ತದೆ. ಜೊತೆಗೆ ಗಾಳಿ ತುಂಬಿ ನೊರೆ ಎಬ್ಬಿಸುತ್ತದೆ. ನಾರಿಲ್ಲದ ಬಾದಾಮಿ ಹಣ್ಣಿಗೆ ಅಡ್ಡಿಯಿಲ್ಲ, ರಸಪೂರಿಗೆ ಕೈಯೇ ಮೇಲು. ಬಾಳೆಹಣ್ಣಿನದಾದರೆ ಎಲೆ ಹಾಕಿದ ಮೇಲೆಯೇ ಕಿವುಚಬೇಕು. ಗಾಳಿ ತಾಗಿದರೆ ಹಣ್ಣಿನಲ್ಲಿರುವ ಕಿಣ್ವದಿಂದ ಅದು ಕಪ್ಪಿಡುತ್ತದೆ.

ಈ ವರ್ಷ ಮೊಮ್ಮಗಳೊಬ್ಬಳು, “ತಾತ, ಸೋಸಿದ ಬಟ್ಟೆಯಲ್ಲಿ ಉಳಿದದ್ದು ನನಗೆ” ಎಂದು ಕೈಯೊಡ್ಡಿ ಕುಳಿತಿದ್ದಳು. ಅದರಲ್ಲಿ ಬರೀ ನಾರಿತ್ತು. ಓಟೆಯೊಂದನ್ನು ತೊಳೆಯದೆ ಹಾಗೆಯೇ ಕೊಟ್ಟೆ.